ಅರವತ್ತರ ಓನಾಮ

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳದ ಕನ್ನಡ ಶಿಕ್ಷಕರು ಇರಲಾರರು. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತಾರು ವರ್ಷ ದುಡಿದ ನಾನೂ ಅದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದೆನೋ ಲೆಕ್ಕವಿಲ್ಲ. ಮಕ್ಕಳ ಉತ್ತರವೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುತ್ತಿರಲಿಲ್ಲ: ಎಳೆಯ ವಯಸ್ಸಿನಲ್ಲಿ ಒಳ್ಳೆಯ ರೂಢಿಗಳನ್ನು ಕಲಿಯಬೇಕು, ಬಲಿತ ಮೇಲೆ ಕಲಿಯಲಾಗದು. ಗಾದೆಯ ಉದ್ದೇಶ ಒಳ್ಳೆಯದೇ. ಬಾಲ್ಯವನ್ನು ವ್ಯರ್ಥವಾಗಿ ಕಳೆಯಬೇಡಿರೆಂದು ಎಚ್ಚರಿಸುವುದಕ್ಕಾಗಿ ಹಿರಿಯರು ಅದನ್ನು ಕಟ್ಟಿದರು. ಆದರೆ ಲೋಕರೂಢಿಯಲ್ಲಿ ಅದರ ಅರ್ಥ ತುಸು ಸರಿದು, ಮರವಾದವನು ಬಗ್ಗುವ ಯತ್ನವನ್ನೇ ಮಾಡಬಾರದು ಎಂಬಂತಾಗಿದೆ. ಅದರ ಬೆನ್ನಿಗೇ “ಅರವತ್ತಕ್ಕೆ ಅರಳುಮರಳು” ಎಂಬ ಇನ್ನೊಂದು ಗಾದೆ ಕಾದು ನಿಂತಿದೆ. ಹದಿನೈದರವರೆಗೆ ಬಗ್ಗು, ಅರವತ್ತರವರೆಗೆ ನೆಟ್ಟಗೆ ನಿಲ್ಲು, ಆಮೇಲೆ ಅರಳುಮರಳು! ಎರಡು ಗಾದೆಗಳು ಕೂಡಿ ಮನುಷ್ಯನ ಆಯುಷ್ಯಕ್ಕೆ ಬೇಲಿ ಹಾಕಿಬಿಟ್ಟಿವೆ.

ಸರಕಾರವೂ ಈ ಬೇಲಿಗೆ ಒಂದು ಗೂಟ ಹೊಡೆದಿದೆ. ನಮ್ಮ ರಾಜ್ಯದ ಜಿಲ್ಲಾ ಪರಿಷತ್ತಿನ ಶಿಕ್ಷಕರಿಗೆ ಐವತ್ತೆಂಟು ತುಂಬಿದ ತಿಂಗಳ ಕೊನೆಯ ದಿನ ಸೇವೆ ಮುಗಿಯುವುದು. ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ಹಾರ, ನಾಲ್ಕು ಭಾಷಣ. ಮಾತನಾಡಿದವರೆಲ್ಲ “ಇನ್ನು ಮುಂದಿನದು ವಿಶ್ರಾಂತಿಯ ಕಾಲ” ಎಂದು ಹರಸುವರು. ‘ನಿವೃತ್ತಿ’ ಎಂಬುದು ನಮ್ಮ ಹಿರಿಯರ ಬಾಯಲ್ಲಿ ಎಷ್ಟು ದೊಡ್ಡ ಶಬ್ದ! ಪ್ರವೃತ್ತಿಯಿಂದ ಮನಸ್ಸನ್ನು ತಾನಾಗಿ ಹಿಂದೆಗೆದುಕೊಂಡವನ ಸ್ಥಿತಿ ಅದು. ಅಂಥ ಶಬ್ದಕ್ಕೆ ಕಚೇರಿಯವರು ತಾರೀಖು ಹಚ್ಚಿದರು. ದುಡಿದು ದಣಿದವರಿಗೆ ವಿಶ್ರಾಂತಿ ಧರ್ಮದ ಹಕ್ಕು. ಅದನ್ನು ಬಯಸುವವರನ್ನು ಯಾರೂ ಕೆಣಕಬಾರದು. ಆದರೆ ಮನಸ್ಸು ಇನ್ನೂ ಹೊಸದೊಂದನ್ನು ಬಯಸುತ್ತಿದ್ದರೆ, ಕೈಯಲ್ಲಿ ಇನ್ನೂ ಕಸುವಿದ್ದರೆ, ಅಂಥವರು ಏನು ಮಾಡಬೇಕು? ಅವರನ್ನು ಹಿಡಿದು ನಿಲ್ಲಿಸುವುದು ಯಾವುದು?

ಶರೀರ ಎನ್ನುವರು ಕೆಲವರು. ಮಂಡಿ ನೋಯುವುದು ನಿಜ, ಕಣ್ಣು ಮಂಜಾಗುವುದು ನಿಜ. ಹಣ ಎನ್ನುವರು ಇನ್ನು ಕೆಲವರು. ಇಪ್ಪತ್ತೈದರ ತರುಣ ಹತ್ತು ಸಾವಿರ ಕಳೆದುಕೊಂಡರೆ ಮತ್ತೆ ಗಳಿಸಲು ಅವನ ಮುಂದೆ ಮೂವತ್ತು ವರ್ಷಗಳಿವೆ. ಅರವತ್ತರವನಿಗೆ ಆ ಅವಕಾಶ ಕಡಿಮೆ. ಇವೆರಡೂ ನಿಜವಾದ ಅಂಜಿಕೆಗಳೇ. ಆದರೆ ಇವಕ್ಕಿಂತ ಆಳದಲ್ಲಿ ಇನ್ನೊಂದು ಅಂಜಿಕೆ ಕುಳಿತಿರುವುದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ದಿನ ತಿಳಿದವರೆಂದು ಅನ್ನಿಸಿಕೊಂಡು ಬಾಳಿದವರು ನಾಲ್ಕು ಜನರ ಮುಂದೆ ತಿಳಿಯದವರಾಗಿ ನಿಲ್ಲಬೇಕಾಗುತ್ತದೆಯಲ್ಲ, ಆ ಸಂಕೋಚವೇ ಅದು. ಮಗು ಓನಾಮ ತಿದ್ದುವಾಗ ಅಕ್ಷರ ಸೊಟ್ಟಾದರೆ ಮನೆಮಂದಿ ನಕ್ಕು ಮುದ್ದಿಸುವರು. ಹಿರಿಯರ ಅಕ್ಷರ ಸೊಟ್ಟಾದರೆ ನಗೆ ಬೇರೆಯದು. ತರುಣರ ಧೈರ್ಯ ಬಹುಮಟ್ಟಿಗೆ ಸೋಲನ್ನು ಅರಿಯದವರ ಧೈರ್ಯ. ಇಳಿವಯಸ್ಸಿನ ಧೈರ್ಯವೆಂದರೆ ಮತ್ತೊಮ್ಮೆ ವಿದ್ಯಾರ್ಥಿಯಾಗಲು ಒಪ್ಪುವ ಧೈರ್ಯ ಎಂದೇ ನನ್ನ ತಿಳಿವಳಿಕೆ. ಇದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸುತ್ತಲಿನ ನೆಲದಲ್ಲಿಯೇ ಗುರುಗಳಿದ್ದಾರೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರನ್ನು ನಮ್ಮ ಶಾಲೆಯ ಮಕ್ಕಳು ಕೇಳಿರುವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಆಗಿನ ವಿಜಾಪುರದಲ್ಲಿ ವಕೀಲರಾಗಿದ್ದರು. ತಾಡೋಲೆಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಹುಡುಕಿ, ನಕಲು ಮಾಡಿ, ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅವರು ಹೊರತಂದದ್ದು 1923ರಲ್ಲಿ. ಪರರ ಮುದ್ರಣಾಲಯವನ್ನು ನಂಬಿದರೆ ಕೆಲಸ ಸಾಗದೆಂದು ಕಂಡು 1925ರಲ್ಲಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯವನ್ನು ಹಾಕಿದರು. ಆಗ ಅವರಿಗೆ ನಾಲ್ವತ್ತೈದು. ಆ ಕಾಲದ ಆಯುರ್ಮಾನಕ್ಕೆ ಅದು ಇಳಿವಯಸ್ಸೇ. ನ್ಯಾಯಾಲಯದಲ್ಲಿ ವಾದಿಸಬಲ್ಲವರಿಗೆ ಅಚ್ಚಿನ ಮೊಳೆ, ಮಸಿ, ಕಾಗದಗಳ ವ್ಯವಹಾರ ಗೊತ್ತಿರಬೇಕೆಂದೇನೂ ಇಲ್ಲವಷ್ಟೆ! ಮರುವರ್ಷ ‘ಶಿವಾನುಭವ’ ಪತ್ರಿಕೆ, ಅದರ ಮರುವರ್ಷ ‘ನವಕರ್ನಾಟಕ’. ಈ ಕೆಲಸಕ್ಕಾಗಿ ಇದ್ದ ಮನೆಯನ್ನೂ ಮಾರಿದರು. 1964ರಲ್ಲಿ ಅವರು ತೀರಿಕೊಂಡಾಗ ಕನ್ನಡಿಗರ ಕೈಯಲ್ಲಿ ವಚನಗಳ ರಾಶಿಯಿತ್ತು. ಅವರು ವಕೀಲಿಯೊಂದಕ್ಕೇ ತೃಪ್ತರಾಗಿ ಕುಳಿತಿದ್ದರೆ ನಮ್ಮ ಪಠ್ಯಪುಸ್ತಕದ ಎಷ್ಟು ಪುಟಗಳು ಬರಿದಾಗಿರುತ್ತಿದ್ದವೋ!

ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರ ಕಥೆ ನಮಗೆ ಇನ್ನೂ ಹತ್ತಿರದ್ದು. 1912ರಲ್ಲಿ ಹುಟ್ಟಿದ ಅವರಿಗೆ ಶಾಲೆಯಲ್ಲಿ ದೊರೆತ ಭಾಷೆ ಮರಾಠಿ. ಕನ್ನಡದ ಓದುಬರಹವನ್ನು ಅವರು ಆಮೇಲೆ ಸ್ವಪ್ರಯತ್ನದಿಂದ ಗಳಿಸಿಕೊಂಡರು. ಶ್ರೀಮಂತ ಮನೆತನದ ಗೃಹಿಣಿ. ಮರಾಠಿಯಲ್ಲಿ ಚೆನ್ನಾಗಿ ಬರೆಯಬಲ್ಲವರು. ಆ ಮರ್ಯಾದೆಯಲ್ಲಿಯೇ ಸುಖವಾಗಿ ಇರಬಹುದಾಗಿತ್ತು. ಅಂಥವರು ಕನ್ನಡದ ಕಾಗುಣಿತಕ್ಕೆ ಕುಳಿತರು. ಹಾಗೆ ಕಲಿತ ಭಾಷೆಯಲ್ಲಿಯೇ ಸೊನ್ನಲಿಗೆಯ ಸಿದ್ಧರಾಮನ ಪುರಾಣವನ್ನು ಸಾವಿರಾರು ತ್ರಿಪದಿಗಳಲ್ಲಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಅರವತ್ತು ದಾಟಿತ್ತು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. ಗಡಿಯ ಈಚೆಗಿರುವ ನಮಗೆ ಇದು ಹೆಮ್ಮೆಯ ಮಾತು. ಹೆಮ್ಮೆಯ ಜೊತೆಗೆ ಒಂದು ಪಾಠವೂ ಇದರಲ್ಲಿದೆ. ಅವರಿಗೆ ಕನ್ನಡ ತಡವಾಗಿ ಬಂತು, ಆದರೆ ತಡವಾಗಿ ಬಂದದ್ದರಿಂದ ಅವರ ಕೈಯಲ್ಲಿ ಅದು ಬಡವಾಗಲಿಲ್ಲ.

ಮೂರನೆಯ ಹೆಸರು ಪ್ರೊ. ಜಿ. ವೆಂಕಟಸುಬ್ಬಯ್ಯನವರದು. 1913ರಲ್ಲಿ ಹುಟ್ಟಿ ಅಧ್ಯಾಪಕರಾಗಿ ದುಡಿದು ನಿವೃತ್ತರಾದವರು; ನಿಘಂಟುವಿನ ಮಹಾಕಾರ್ಯದಲ್ಲಿ ಹೆಸರು ಪಡೆದವರು. 1991ರಲ್ಲಿ, ಎಪ್ಪತ್ತೇಳೆಪ್ಪತ್ತೆಂಟರ ವಯಸ್ಸಿನಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಆರಂಭಿಸಿದರು. ಯಾವ ಊರಿನಿಂದ ಯಾವ ಓದುಗನು ಯಾವ ಶಬ್ದವನ್ನು ಹಿಡಿದು ಪ್ರಶ್ನೆ ಕೇಳುವನೋ ಮೊದಲೇ ತಿಳಿಯದು. ವಿದ್ವಾಂಸರು ಅಂಥ ಬಯಲಿನಲ್ಲಿ ನಿಲ್ಲಲು ಅಂಜುವರು. ಇವರು ನಿಂತರು. 2021ರಲ್ಲಿ ನೂರೇಳನೆಯ ವಯಸ್ಸಿನಲ್ಲಿ ತೀರಿಕೊಂಡ ಅವರಿಗೆ ಆ ಅಂಕಣವನ್ನು ಆರಂಭಿಸಿದ ಮೇಲೆಯೂ ಮೂವತ್ತು ವರ್ಷಗಳ ಆಯುಷ್ಯ ಮಿಕ್ಕಿತ್ತು. ಯಾರ ಪಾಲಿಗೆ ಎಷ್ಟು ಮಿಕ್ಕಿದೆಯೆಂಬುದು ಯಾರಿಗೆ ತಿಳಿದಿದೆ?

ದೊಡ್ಡವರ ಮಾತು ಇಲ್ಲಿಗೆ ಇರಲಿ. ಅವರ ಸಾಲಿನಲ್ಲಿ ನನ್ನ ಒಲೆಯನ್ನು ಇಡುವಷ್ಟು ಧಾರ್ಷ್ಟ್ಯ ನನಗಿಲ್ಲ. ಆದರೂ ಸಣ್ಣವರ ಸಣ್ಣ ಉದ್ಯೋಗಕ್ಕೂ ಅದೇ ಧೈರ್ಯ ಬೇಕಾಗುವುದು ಎಂಬುದನ್ನು ನನ್ನ ಅನುಭವದಿಂದ ಅರಿತೆನಾದ್ದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ನಮ್ಮ ಕುರನೂರು ಬೋರಿ ನದಿಯ ಊರು. ತುಳಜಾಪುರದ ಕಡೆಯಿಂದ ಬರುವ ಈ ನದಿ ನಳದುರ್ಗದ ಕೋಟೆಯನ್ನು ಬಳಸಿ, ನಮ್ಮಲ್ಲಿಗೆ ಬಂದು, ಆಣೆಕಟ್ಟಿನಲ್ಲಿ ತುಸು ನಿಂತು, ಮುಂದೆ ಭೀಮೆಯನ್ನು ಸೇರುವುದು. ನೀರು ದೊರೆತ ಹೊಲಗಳಲ್ಲಿ ಕಬ್ಬು. ದೊರೆಯದ ಎರೆಹೊಲಗಳಲ್ಲಿ ಹಿಂಗಾರಿ ಜೋಳ. ಮಳೆ ಹಿಂದೆ ಸರಿಯುವಾಗ ಬಿತ್ತಿದ ಜೋಳ ಎರೆಮಣ್ಣು ಹಿಡಿದಿಟ್ಟ ಹಸಿಯನ್ನೇ ಕುಡಿದು ಚಳಿಯಲ್ಲಿ ತೆನೆಗಟ್ಟುವುದು. ಮಾಲದಂಡಿ ನಮ್ಮ ಭಾಗದ ಜೋಳ. ನಮ್ಮ ಜಿಲ್ಲೆಯ ಮೊಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ತೆಗೆದ ಅದರ ತಳಿಯನ್ನು ರೈತರು ತಲೆಮಾರು ಕಳೆದರೂ ಬಿಟ್ಟಿಲ್ಲ. ಮಂಗಳವೇಢೆಯ ಮಾಲದಂಡಿಗೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆ ಜೋಳದಿಂದ ನಮ್ಮ ಹೆಣ್ಣುಮಕ್ಕಳು ಬಡಿಯುವ ಖಡಕ್ ರೊಟ್ಟಿ ತೆಳ್ಳಗೆ, ಗರಿಗರಿಯಾಗಿ, ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡದೆ ಉಳಿಯುವುದು. ಶೇಂಗಾ ಚಟ್ನಿ, ಒಂದಿಷ್ಟು ಮೊಸರು ಇದ್ದರೆ ಅದಕ್ಕಿಂತ ಹೆಚ್ಚಿನ ಊಟವನ್ನು ಸೊಲ್ಲಾಪುರದವರು ಬಯಸುವುದಿಲ್ಲ.

2021ರಲ್ಲಿ ನನ್ನ ಸೇವೆ ಮುಗಿಯಿತು. ಮೊದಲ ವರ್ಷ ಹೊತ್ತು ಹೋಗಲಿಲ್ಲವೆಂದರೆ ಸುಳ್ಳಾಗುವುದು. ಹೊತ್ತು ಹೋಗುತ್ತಿತ್ತು, ಎಲ್ಲಿಗೆ ಹೋಯಿತೆಂದು ಮಾತ್ರ ತಿಳಿಯುತ್ತಿರಲಿಲ್ಲ. ಮಕ್ಕಳಿಬ್ಬರೂ ಪುಣೆಯಲ್ಲಿದ್ದಾರೆ. ಊರಿಗೆ ಬಂದು ಹೋಗುವಾಗ ಅವರು ಚೀಲದ ತುಂಬ ಖಡಕ್ ರೊಟ್ಟಿ ಒಯ್ಯುತ್ತಿದ್ದರು. ಅವರ ನೆರೆಮನೆಯವರು ರುಚಿ ನೋಡಿ, “ಇವು ಮಾರಾಟಕ್ಕೆ ಸಿಗುವವೇ?” ಎಂದು ಕೇಳಿದರಂತೆ. ಮಕ್ಕಳು ಅದನ್ನು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ರಾತ್ರಿ ನಿದ್ದೆಯೂ ಬರಲಿಲ್ಲ. ಕೇಳಿದವರಿಗೆ ಕೊಟ್ಟರೇನು? ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯಬಲ್ಲ ಕೈಗಳು ಎಷ್ಟಿವೆ! ಸುಗ್ಗಿ ಮುಗಿದ ಮೇಲೆ ಆ ಕೈಗಳಿಗೆ ಕೂಲಿಯಿಲ್ಲ.

ಮಾತು ಹೊರಬಿದ್ದ ಕೂಡಲೆ ಮನೆಯಲ್ಲಿ ಗದ್ದಲವಾಯಿತು. “ಅವ್ವಾ, ಮಂದಿ ಏನಂದಾರು? ಇಬ್ಬರು ಗಂಡಮಕ್ಕಳಿದ್ದೂ ತಾಯಿ ರೊಟ್ಟಿ ಮಾರಿ ತಿನ್ನತಾಳಂದ್ರ ನಾವು ಊರಾಗ ಮುಖ ಹ್ಯಾಂಗ ತೋರಸಬೇಕು?” ಎಂದು ಹಿರಿಯ ಮಗ ಕೇಳಿದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ತಾಯಿಯನ್ನು ಸಾಕುವುದು ಮಗನ ಧರ್ಮವೆಂದು ನಾನೇ ಅವನಿಗೆ ಕಲಿಸಿದ್ದೆ. ಊರ ಹಿರಿಯರೊಬ್ಬರು, “ಅಕ್ಕೋರ, ನಿಮಗ ಪೆನ್ಶನ್ ಬರತೈತಿ. ಅನ್ನ ಮಾರೂದು ನಮ್ಮಂಥಾವರಿಗೆ ಛಂದ ಅಲ್ಲ” ಎಂದರು. ಒಂದು ಬ್ಯಾಂಕಿನ ಅಧಿಕಾರಿಯಂತೂ ನನ್ನ ಕಾಗದಗಳನ್ನು ನೋಡುವ ಮೊದಲು ವಯಸ್ಸನ್ನು ನೋಡಿದರು, “ಈ ವಯಸ್ಸಿಗೆ ಸಾಲ ಯಾಕ ಬೇಕ್ರಿ ಬಾಯಿ?” ಎಂದು ಮರಾಠಿಯಲ್ಲಿ ಮೃದುವಾಗಿಯೇ ಕೇಳಿ ಕಾಗದಗಳನ್ನು ಮರಳಿಸಿದರು. ನಮ್ಮ ಮನೆಯವರು ಒಕ್ಕಲುತನದವರು, ಮಿತಭಾಷಿಗಳು. ಎರಡು ದಿನ ಏನೂ ಆಡಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ, “ದುಡ್ಡು ನಿಂದು, ತೋಳು ನಿಂದು. ಜ್ವಾಳ ಎಷ್ಟ ಚೀಲ ಬೇಕಂತ ಮೊದಲs ಹೇಳು, ಮಾರಿಬಿಟ್ಟೇನು” ಎಂದರು. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಬೇಕಾಗಿರಲಿಲ್ಲ.

ಅನ್ನ ಮಾರುವುದು ಹೀನವೇ ಎಂಬ ಪ್ರಶ್ನೆಯನ್ನು ಮಾತ್ರ ನಾನು ಹಗುರವಾಗಿ ಬಿಡಲಿಲ್ಲ. ಮೂವತ್ತಾರು ವರ್ಷ ನಾನು ಮಕ್ಕಳಿಗೆ ‘ಕಾಯಕ’ ಎಂಬ ಶಬ್ದದ ಅರ್ಥ ಬರೆಯಿಸಿದವಳು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಕರ್ಮಯೋಗಿ ಎಂದು ಸಂಕ್ರಮಣದ ಗಡ್ಡೆಯ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದವಳು. ಕೆರೆ ತೋಡುವುದು ಕಾಯಕವಾದರೆ ರೊಟ್ಟಿ ಬಡಿಯುವುದು ಹೇಗೆ ಅಲ್ಲ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನಿಜವಾದದ್ದು ನಮ್ಮ ಅಂಗಳದಲ್ಲಿ ಸುಳ್ಳಾಗಬಾರದಷ್ಟೆ.

ಹಣದ ಮಾತಿನಲ್ಲಿ ನಾನು ಗಟ್ಟಿಯಾಗಿ ಒಂದು ಗೆರೆ ಎಳೆದೆ. ನಿವೃತ್ತಿಯ ಕಾಲಕ್ಕೆ ಬಂದ ಮೊತ್ತದಲ್ಲಿ ಮನೆಯ ಮಾಳಿಗೆ ದುರಸ್ತಿಯಾಗಿ, ಔಷಧೋಪಚಾರಕ್ಕೆಂದು ಒಂದು ಭಾಗ ಕಟ್ಟಿಟ್ಟು, ಮಿಕ್ಕುದರಲ್ಲಿ ಅರವತ್ತು ಸಾವಿರ ರೂಪಾಯಿ ಬೇರೆ ತೆಗೆದೆ. ಅದು ಪೂರ್ತಿ ಹೋದರೂ ನಾನು ಮಕ್ಕಳ ಮುಂದೆ ಕೈಚಾಚಬೇಕಾಗಿರಲಿಲ್ಲ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಹಾಕುವುದಿಲ್ಲವೆಂದು ನಿಶ್ಚಯಿಸಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತದ್ದು, ಅದೇ ಮುಂದೆ ಲಿಜ್ಜತ್ ಎಂಬ ದೊಡ್ಡ ಸಂಸ್ಥೆಯಾದದ್ದು ಎಲ್ಲರಿಗೂ ತಿಳಿದ ಸಂಗತಿ. ಅವರ ಎಂಬತ್ತು ರೂಪಾಯಿಯ ಮುಂದೆ ನನ್ನ ಅರವತ್ತು ಸಾವಿರ ದೊಡ್ಡ ಬಂಡವಾಳವೆಂದೇ ತೋರಿತು. ಎರಡು ಒಲೆ, ಎರಡು ಹಂಚು, ಪರಾತ, ಡಬ್ಬಿಗಳು, ಚೀಲದ ಬಾಯಿ ಅಂಟಿಸುವ ಒಂದು ಯಂತ್ರ, ಆರು ಚೀಲ ಜೋಳ. ಮನೆಯ ಜೋಳಕ್ಕೂ ಪೇಟೆಯ ಧಾರಣೆಯಂತೆ ಹಣ ಎಣಿಸಿ ಕೊಟ್ಟೆ. ನಮ್ಮ ಮನೆಯವರು ನಕ್ಕರು, ಆದರೆ ತೆಗೆದುಕೊಂಡರು.

ಇನ್ನು ಗುರುವಿನ ಮಾತು. ನಾನೂ ರೊಟ್ಟಿ ಬಡಿದವಳೇ. ಆದರೆ ಮನೆಯವರು ಉಣ್ಣುವ ಹತ್ತು ಮೆತ್ತನೆಯ ರೊಟ್ಟಿ ಬೇರೆ, ಒಂದೇ ಅಳತೆಯ, ಒಂದೇ ದಪ್ಪದ ನೂರು ಖಡಕ್ ರೊಟ್ಟಿ ಬೇರೆ. ಆ ಕಲೆ ಬಲ್ಲವಳು ನಮ್ಮ ಓಣಿಯಲ್ಲಿ ಒಬ್ಬಳಿದ್ದಳು. ನನ್ನ ಸೇವೆಯ ಮೊದಲ ವರ್ಷಗಳಲ್ಲಿ ನಾಲ್ಕನೆಯ ಇಯತ್ತೆಯವರೆಗೆ ನನ್ನ ಕೈಯಲ್ಲಿ ಕಲಿತು, ಮನೆಯ ಬಡತನದಿಂದ ಶಾಲೆ ಬಿಟ್ಟು ಹೊಲದ ಕೂಲಿಗೆ ಹೋದವಳು. ಈಗ ಅವಳಿಗೂ ನಾಲ್ವತ್ತೈದರ ಮೇಲೆ. ಅವಳ ಮನೆಗೆ ಹೋಗಿ, “ನನಗೆ ಕಲಿಸುವೆಯಾ?” ಎಂದು ಕೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, “ಅಕ್ಕೋರ, ಮಗ್ಗಿ ತಪ್ಪಿದಾಗ ನೀವು ನನಗ ಕೋಲು ತೋರಿಸಿದ್ರಿ. ರೊಟ್ಟಿ ಹರಿದ್ರ ನಾ ಏನ್ ತೋರಿಸಲ್ರಿ?” ಎಂದಳು. ಕೋಲನ್ನೇ ತೋರಿಸು ಎಂದೆ. ಹೀಗೆ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, 2022ರ ದೀಪಾವಳಿ ಮುಗಿದ ವಾರದಲ್ಲಿ, ನನ್ನ ಎರಡನೆಯ ಓನಾಮ ನಡೆಯಿತು.

ಅವಳ ಪಾಠ ನಮ್ಮ ಪಾಠದಂಥದ್ದಲ್ಲ. ವ್ಯಾಖ್ಯೆಯಿಲ್ಲ, ಸೂತ್ರವಿಲ್ಲ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಕುದಿಯುವ ಎಸರು ಬಿದ್ದಾಗಲೇ ಅದರ ಪಿಷ್ಟ ಮೆತ್ತಗಾಗಿ ಹಿಟ್ಟು ಒಂದಕ್ಕೊಂದು ಹಿಡಿಯುವುದು ಎಂದು ನಾನು ಪುಸ್ತಕದ ಮಾತು ಹೇಳಿದರೆ, ಅವಳು ಎಸರಿನ ಸಪ್ಪಳ ಕೇಳಿಯೇ “ಇನ್ನೂ ಆಗಿಲ್ರಿ” ಎನ್ನುವಳು. ಬೀಸಿದ ಹಿಟ್ಟು ಹಳೆಯದಾದರೆ ಜಿಗಿ ಹೋಗುವುದೆಂದು ಎರಡು ದಿನಕ್ಕೊಮ್ಮೆ ಗಿರಣಿಗೆ ಕಳಿಸುವಳು. ಅಂಗೈ ತಿರುಗಬೇಕು, ರೊಟ್ಟಿ ತಾನಾಗಿ ಸುತ್ತಬೇಕು, ಅಂಚು ತೆಳುವಾಗಬೇಕು. ಹಂಚಿನ ಮೇಲೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿ ತಿರುವಬೇಕು. ಬೆಂದ ಮೇಲೆ ಸಣ್ಣ ಉರಿಯ ಬದಿಗೆ ಆನಿಸಿ ಹಸಿ ಪೂರ್ತಿ ಆರುವ ತನಕ ಕಾಯಬೇಕು. ಮೊದಲ ವಾರ ನಾನು ಬಡಿದವೆಲ್ಲ ನಕಾಶೆಯ ಮೇಲಿನ ದೇಶಗಳಂತಾದವು. ಮನೆಯ ಎಮ್ಮೆ ಅವುಗಳನ್ನು ಸಂತೋಷದಿಂದ ಸ್ವೀಕರಿಸಿತು. ಓಣಿಯ ಹುಡುಗರು ಬಾಗಿಲಲ್ಲಿ ನಿಂತು, “ಅಕ್ಕೋರ ರೊಟ್ಟಿ ಮಹಾರಾಷ್ಟ್ರ ಆತು!” ಎಂದು ಕೂಗಿದರು. ಸುದೈವದಿಂದ ನನಗೂ ನಗು ಬಂತು. ನಗುವವರ ಜೊತೆ ತಾನೂ ನಕ್ಕುಬಿಟ್ಟರೆ ಆ ಅಂಜಿಕೆಯ ಅರ್ಧಭಾಗ ಅಲ್ಲಿಯೇ ಕಳೆದುಹೋಗುವುದು. ಎರಡು ತಿಂಗಳಾದ ಮೇಲೆ ಅವಳು ನೂರು ಬಡಿಯುವ ಹೊತ್ತಿಗೆ ನಾನು ಮೂವತ್ತು ಬಡಿಯುವಂತಾದೆ. ಇಂದಿಗೂ ಅದಕ್ಕಿಂತ ಮುಂದೆ ಹೋಗಿಲ್ಲ.

ಅವಳೊಡನೆ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿದರು. ನಾಲ್ವರಿಗೂ ಕೂಲಿಯಲ್ಲ, ಸಮಪಾಲು ಎಂದು ಮಾತಾಯಿತು. ಬಡಿಯುವುದು ಮೂವರ ಪಾಲು. ಎಸರು, ಆರಿಸುವುದು, ಕಟ್ಟುವುದು, ಪೇಟೆ, ಲೆಕ್ಕ ನನ್ನ ಪಾಲು. ಸಂಜೆ ಹಂಚು ಆರಿದ ಮೇಲೆ ಲೆಕ್ಕದ ವಹಿಯನ್ನು ನಡುವೆ ಇಟ್ಟುಕೊಂಡು ಕೂಡುತ್ತಿದ್ದೆವು. ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬಳು ಈಗ ಸಹಿ ಮಾಡುತ್ತಾಳೆ. ನನ್ನ ಗುರುವಂತೂ ನನ್ನ ಕೂಡಿಕೆಯಲ್ಲಿ ಒಂದು ದಿನ ಹನ್ನೆರಡು ರೂಪಾಯಿಯ ವ್ಯತ್ಯಾಸವನ್ನು ಹಿಡಿದು ಇಡೀ ಸಂಜೆ ಅದನ್ನೇ ಆಡಿ ಸಂತೋಷಪಟ್ಟಳು. ಆಹಾರ ಪದಾರ್ಥದ ನೋಂದಣಿಯನ್ನು ಗಣಕಯಂತ್ರದಲ್ಲಿ ತುಂಬಿಸಿಕೊಟ್ಟವನೂ, ಮೊಬೈಲಿನಲ್ಲಿ ಹಣ ಬಂದುದನ್ನು ನೋಡುವ ಬಗೆಯನ್ನು ಕಲಿಸಿದವನೂ ಹಳೆಯ ವಿದ್ಯಾರ್ಥಿಯೇ. ಒಂದೇ ಮಾತನ್ನು ಅವನಿಗೆ ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅವನು ಮೊದಲ ಸಲ ಹೇಳುವವನಂತೆ ಹೇಳಿದ. ಆ ತಾಳ್ಮೆಯನ್ನು ಅವನಿಗೆ ಯಾರು ಕಲಿಸಿದರೋ ಅವರಿಗೆ ನನ್ನ ನಮಸ್ಕಾರ.

ಕಟ್ಟಿನ ಮೇಲಿನ ಚೀಟಿಯನ್ನು ಕನ್ನಡ, ಮರಾಠಿ ಎರಡರಲ್ಲಿಯೂ ಅಚ್ಚು ಹಾಕಿಸಿದೆವು. ಒಂದೇ ಹಂಚಿನಿಂದ ಇಳಿದದ್ದು ನಮಗೆ ರೊಟ್ಟಿ, ಅವರಿಗೆ ಭಾಕರಿ. ಹಸಿವು ಎರಡನ್ನೂ ಓದಬಲ್ಲುದು. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಯಾತ್ರಿಕರಿಂದ ಅಕ್ಕಲಕೋಟೆಯಲ್ಲಿ ನಮಗೆ ಮೊದಲ ಗಿರಾಕಿಗಳು ದೊರೆತರು. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ್ದರಿಂದ ಪಟ್ಟಣದವರಿಗೆ ಜೋಳದ ನೆನಪು ಬಂದಿತ್ತು. ಅದೂ ಒದಗಿತು.

ಎಲ್ಲವೂ ಸುಗಮವಾಯಿತೆಂದು ವಾಚಕರು ತಿಳಿಯಬಾರದು. ಮೊದಲ ಮಳೆಗಾಲದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿದು ಗಾಳಿಯೆಲ್ಲ ತೇವವಾಯಿತು. ಅಂಗಡಿಗಳಿಗೆ ಹೋಗಿದ್ದ ಅರವತ್ತು ಕಟ್ಟು, ಅಂದರೆ ಆರು ನೂರು ರೊಟ್ಟಿ, ಮೆತ್ತಗಾಗಿ ಮರಳಿ ಬಂದವು. ಅವನ್ನು ಪಡಸಾಲೆಯಲ್ಲಿ ಒಟ್ಟಿ ನಾಲ್ವರೂ ಸುಮ್ಮನೆ ಕುಳಿತೆವು. ನನಗೆ ಪೆನ್ಶನ್ ಇತ್ತು. ಅವರಿಗೆ ಅದೇ ಆ ವಾರದ ಸಂತೆಯ ಹಣವಾಗಿತ್ತು. ಒಬ್ಬಳು, “ನಾಳೆಯಿಂದ ಕೂಲಿಗೇ ಹೋಗತೀನ್ರಿ” ಎಂದಳು. ನಾನು ಬೇಡವೆನ್ನಲಿಲ್ಲ, ಎನ್ನುವ ಅಧಿಕಾರ ನನಗಿರಲಿಲ್ಲ. ಆ ವಾರದ ಪಾಲನ್ನು ಅರವತ್ತು ಸಾವಿರದ ಉಳಿಕೆಯಿಂದ ಹಂಚಿದೆ. ಎರಡು ದಿನ ಬಿಟ್ಟು ಅವಳು ತಾನಾಗಿ ಮರಳಿ ಬಂದಳು. ಆಮೇಲೆ ದಪ್ಪ ಚೀಲ ತರಿಸಿದೆವು. ಮಳೆಗಾಲದಲ್ಲಿ ರೊಟ್ಟಿಯನ್ನು ಅರ್ಧಕ್ಕಿಳಿಸಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟತೊಡಗಿದೆವು. ಹಾಕಿದ ಹಣ ಇಪ್ಪತ್ತನೆಯ ತಿಂಗಳಿಗೆ ಮರಳಿತು. ಈಗ ಒಳ್ಳೆಯ ತಿಂಗಳಲ್ಲಿ ಒಬ್ಬೊಬ್ಬರ ಪಾಲಿಗೆ ಆರೇಳು ಸಾವಿರ ಬರುವುದು. ಲಕ್ಷಾಧೀಶರಾಗುವ ದಾರಿಯಲ್ಲ ಇದು. ಆದರೆ ನನ್ನ ಗುರುವಿನ ಮಗಳು ಇದೇ ರೊಟ್ಟಿಯ ಹಣದಿಂದ ಹತ್ತನೆಯ ಇಯತ್ತೆ ದ���ಟಿದಳು. ತಾಯಿ ನಾಲ್ಕಕ್ಕೆ ಬಿಟ್ಟ ಪುಸ್ತಕವನ್ನು ಮಗಳು ಬಿಡಲಿಲ್ಲ. ನನ್ನ ಮೂವತ್ತಾರು ವರ್ಷದ ಕೆಲಸದಲ್ಲಿ ಅರ್ಧಕ್ಕೆ ನಿಂತ ಒಂದು ಪಾಠ ಹೀಗೆ ಮುಂದುವರಿಯಿತೆಂದು ನಾನು ಸಮಾಧಾನಪಡುವೆ.

ವಯಸ್ಸು ತನ್ನ ಕೆಲಸವನ್ನು ಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಕಳೆದ ವರ್ಷ ನನ್ನ ಒಂದು ಕಣ್ಣಿನ ಪೊರೆ ತೆಗೆಸಬೇಕಾಯಿತು. ನೆಲದ ಮೇಲೆ ಕುಳಿತು ಏಳುವುದು ದುಸ್ತರವಾಗಿ ಒಲೆಗಳನ್ನು ಕಟ್ಟೆಯ ಮೇಲೆ ಏರಿಸಿದೆವು. ಇದನ್ನು ಇನ್ನು ಎಷ್ಟು ವರ್ಷ ನಡೆಸಬಲ್ಲೆನೋ ತಿಳಿಯದು. ಆದುದರಿಂದ ಪೇಟೆಯ ವ್ಯವಹಾರವನ್ನೂ ಒಂದೊಂದಾಗಿ ಆ ಮೂವರಿಗೆ ಒಪ್ಪಿಸುತ್ತಿದ್ದೇನೆ. ತಡವಾಗಿ ಆರಂಭಿಸಿದವರು ಬೇಗ ಕೈಬಿಡಲೂ ಕಲಿಯಬೇಕಾಗುವುದು.

ಆದರೆ ವಯಸ್ಸು ಕಸಿದುಕೊಳ್ಳುವುದನ್ನಷ್ಟೇ ಬಲ್ಲುದೆಂದು ಹೇಳುವುದು ಅನ್ಯಾಯ. ಜೋಳದ ಮೊದಲ ಉದ್ರಿಯನ್ನು ಊರವರು ನನ್ನ ಮಾತಿನ ಮೇಲೆ ಕೊಟ್ಟರು. ಆ ಮಾತಿನ ಬೆಲೆ ಇಪ್ಪತ್ತೈದರಲ್ಲಿ ನನಗಿರಲಿಲ್ಲ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದು, ಯಾರ ಮುನಿಸು ಎಷ್ಟು ದಿನ ಉಳಿಯುವುದು, ಯಾವ ನಷ್ಟಕ್ಕೆ ಅಳಬೇಕು, ಯಾವುದಕ್ಕೆ ಅಳಬಾರದು ಎಂಬ ತೂಕ ವರ್ಷಗಳಿಂದಲೇ ಬರುವುದು. ಆ ಹಿರಿಯರು ಈಗ ತಿಂಗಳಿಗೆ ನಾಲ್ಕು ಕಟ್ಟು ರೊಟ್ಟಿ ತರಿಸುತ್ತಾರೆ; ಹಣವನ್ನು ತಪ್ಪದೆ ಕಳಿಸುತ್ತಾರೆ, ಹಳೆಯ ಮಾತನ್ನು ಎತ್ತುವುದಿಲ್ಲ. ಮಗ ಪುಣೆಯಿಂದ ತಾನೇ ಗಿರಾಕಿಗಳ ಯಾದಿ ಬರೆದು ಕಳಿಸುತ್ತಾನೆ. “ಮಂದಿ ಏನಂದಾರು” ಎಂಬ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೇ: ಮಂದಿ ಅನ್ನುವುದನ್ನು ಅನ್ನುತ್ತಾರೆ, ಆಮೇಲೆ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ಕೊನೆಗೆ, ಈ ಪುಟಗಳನ್ನು ಓದುವ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಗಿಡ ಮರಗಳ ಗಾದೆಯನ್ನು ಕಲಿಸದಿರಬೇಡಿರಿ. ಅದು ಮಕ್ಕಳಿಗೆ ಬೇಕು. ಅದರ ಕೆಳಗೆ ಇನ್ನೊಂದು ಪ್ರಶ್ನೆಯನ್ನೂ ಬರೆಯಿರಿ: ಐವತ್ತರ ಮೇಲೆ ಹೊಸದೊಂದನ್ನು ಕಲಿತವರು ನಿಮ್ಮ ಓಣಿಯಲ್ಲಿ ಯಾರಿದ್ದಾರೆ? ಅವರನ್ನು ಕೇಳಿಕೊಂಡು ಬಂದು ಹತ್ತು ಸಾಲು ಬರೆಯಿರಿ. ಮಕ್ಕಳು ತರುವ ಉತ್ತರಗಳಿಂದ ನಿಮ್ಮ ನಿವೃತ್ತಿಗೂ ಬುತ್ತಿ ದೊರೆತೀತು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ಅಜ್ಜಿಯೋ ಅಪ್ಪನೋ ನಿಮ್ಮ ಪಕ್ಕದಲ್ಲಿ ಕುಳಿತು ಮೊಬೈಲನ್ನೋ ಲೆಕ್ಕವನ್ನೋ ಸಹಿಯನ್ನೋ ಕಲಿಸೆಂದು ಕೇಳಿದ ದಿನ, ಅವರು ಅಷ್ಟು ದೂರ ಬರಲು ಬಹಳ ದಿನ ತೆಗೆದುಕೊಂಡಿರುತ್ತಾರೆ ಎಂಬುದನ್ನು ನೆನಪಿಡಿರಿ. ಅವರ ಕೈ ನಡುಗಿದರೆ ನೋಡದವರಂತೆ ಇರಿ. ಎರಡು ಸಲ ಹೇಳಿದ್ದನ್ನು ಮೂರನೆಯ ಸಲವೂ, ನಾಲ್ಕನೆಯ ಸಲವೂ, ಮೊದಲ ಸಲದಂತೆಯೇ ಹೇಳಿರಿ.